ಪದ್ಯದ ಹುಲಿ, ಚಿತ್ರದ ಹುಲಿ, ನಮ್ಮ ಹುಲಿ

ಕಾಲೇಜಿನಲ್ಲಿ ವಿಲಿಯಂ ಬ್ಲೇಕ್‌ನ ‘ದಿ ಟೈಗರ್’ ಪದ್ಯದ ಪಾಠ ಮುಗಿಯುವ ಹೊತ್ತಿಗೆ ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೊಬ್ಬರು ಎದ್ದು ನಿಂತು ಕೇಳುವುದುಂಟು: “ಸರ್, ಈ ಪದ್ಯವನ್ನು ನಮ್ಮ ಟಿಪ್ಪು ಸುಲ್ತಾನರ ಹುಲಿಯನ್ನು ನೋಡಿ ಬರೆದದ್ದಂತೆ, ನಿಜವೇ?” ಕೇಳುವ ದನಿಯಲ್ಲಿ ಕುತೂಹಲದ ಜೊತೆಗೆ ಒಂದಿಷ್ಟು ಹೆಮ್ಮೆಯೂ ಇರುತ್ತದೆ. ಆ ಹೆಮ್ಮೆ ಸಹಜವಾದದ್ದು. ಆದರೆ ಇತಿಹಾಸದ ವಿದ್ಯಾರ್ಥಿ ಹೆಮ್ಮೆಪಡುವ ಮೊದಲು ಇಸವಿಯನ್ನು ನೋಡಬೇಕು. ಈ ಪ್ರಶ್ನೆಗೆ ಉತ್ತರ ಕೊಡುವುದೇ ಈ ಲೇಖನದ ಉದ್ದೇಶ. ಅದಕ್ಕೆ ಮೊದಲು ಬ್ಲೇಕ್‌ನ ಹುಲಿ ಎಲ್ಲಿದೆ, ಹೇಗಿದೆ ಎಂಬುದನ್ನು ತಿಳಿಯಬೇಕು. ಏಕೆಂದರೆ ಆ ಹುಲಿ ಬರೀ ಪದ್ಯದಲ್ಲಿಲ್ಲ, ಪದ್ಯದ ಕೆಳಗಿನ ಚಿತ್ರದಲ್ಲೂ ಇದೆ. ಈ ಎರಡೂ ಹುಲಿಗಳು ಒಂದರಂತೆ ಇನ್ನೊಂದು ಇಲ್ಲ.

ಕೆತ್ತನೆಗಾರನಾಗಿದ್ದ ಕವಿ

ವಿಲಿಯಂ ಬ್ಲೇಕ್ ಹುಟ್ಟಿದ್ದು 1757ರಲ್ಲಿ, ಲಂಡನ್ನಿನಲ್ಲಿ. ತಂದೆ ಕಾಲುಚೀಲ ಮತ್ತಿತರ ಉಡುಪಿನ ವ್ಯಾಪಾರಿ. ಮಗನಿಗೆ ಚಿತ್ರ ಬರೆಯುವುದರಲ್ಲಿದ್ದ ಆಸಕ್ತಿಯನ್ನು ಕಂಡು ಹತ್ತನೆಯ ವಯಸ್ಸಿಗೇ ಚಿತ್ರಕಲಾ ಶಾಲೆಗೆ ಕಳುಹಿಸಿದರು. 1772ರಲ್ಲಿ ಜೇಮ್ಸ್ ಬೆಸೈರ್ ಎಂಬ ಕೆತ್ತನೆಗಾರನ ಬಳಿ ಏಳು ವರ್ಷಗಳ ಕಸುಬಿಗೆ ಸೇರಿಸಿದರು. ಗುರು ಆ ಹುಡುಗನನ್ನು ವೆಸ್ಟ್‌ಮಿನ್‌ಸ್ಟರ್ ಅಬೆಗೆ ಕಳುಹಿಸಿ ಅಲ್ಲಿನ ಹಳೆಯ ಸಮಾಧಿಗಳ ಚಿತ್ರ ಬರೆಸಿದ. ಹೀಗೆ ಬ್ಲೇಕ್ ಜೀವನೋಪಾಯಕ್ಕೆ ಕಲಿತದ್ದು ತಾಮ್ರದ ತಗಡಿನ ಕೆಲಸ. ಕವಿತೆ ಅವನ ಸ್ವಂತ ಸಂಪತ್ತು.

1782ರಲ್ಲಿ ಅವನು ಕ್ಯಾಥರೀನ್ ಬೌಚರ್ ಎಂಬಾಕೆಯನ್ನು ಮದುವೆಯಾದ. ಆಕೆಗೆ ಓದುಬರಹ ಬರುತ್ತಿರಲಿಲ್ಲ. ಮದುವೆಯ ದಫ್ತರದಲ್ಲಿ ಸಹಿಯ ಬದಲು ಗೀಟು ಹಾಕಿದಳು. ಬ್ಲೇಕ್ ಆಕೆಗೆ ಅಕ್ಷರ ಕಲಿಸಿದ, ಅಚ್ಚು ಹಾಕುವುದನ್ನೂ ಬಣ್ಣ ತುಂಬುವುದನ್ನೂ ಕಲಿಸಿದ. ಮುಂದೆ ಅವನ ಪುಸ್ತಕಗಳ ತಯಾರಿಯಲ್ಲಿ ಆಕೆ ಜೀವನಪೂರ್ತಿ ಜೊತೆಗಾರ್ತಿಯಾದಳು. ಮನೆಯ ಹೆಣ್ಣಿಗೆ ಅಕ್ಷರ ಕಲಿಸಿದರೆ ಆ ಮನೆಯ ಕೆಲಸ ಎಷ್ಟು ದೂರ ಸಾಗುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಆ ಕಾಲದಲ್ಲಿ ಪುಸ್ತಕದ ಅಕ್ಷರ ಮತ್ತು ಚಿತ್ರಗಳು ಬೇರೆ ಬೇರೆ ಕೈಗಳಲ್ಲಿ ತಯಾರಾಗುತ್ತಿದ್ದವು. ಅಕ್ಷರಗಳನ್ನು ಅಚ್ಚುಮೊಳೆ ಜೋಡಿಸಿ ಒಂದು ಯಂತ್ರದಲ್ಲಿ ಮುದ್ರಿಸುತ್ತಿದ್ದರು. ಚಿತ್ರವನ್ನು ತಾಮ್ರದ ಮೇಲೆ ಕೊರೆದು, ಕೊರೆದ ಗೆರೆಗಳಲ್ಲಿ ಮಸಿ ತುಂಬಿ ಇನ್ನೊಂದು ಯಂತ್ರದಲ್ಲಿ ಒತ್ತುತ್ತಿದ್ದರು. ಬರೆದವನೊಬ್ಬ, ಚಿತ್ರಿಸಿದವನೊಬ್ಬ, ಅಚ್ಚು ಹಾಕಿದವನು ಮತ್ತೊಬ್ಬ. ಬ್ಲೇಕ್ 1788ರ ಸುಮಾರಿಗೆ ಇವೆಲ್ಲವನ್ನೂ ಒಂದೇ ಕೈಗೆ ತಂದುಕೊಂಡ. ಆಮ್ಲ ತಗುಲದಂತೆ ತಡೆಯುವ ಅಂಟು ದ್ರವದಿಂದ ತಾಮ್ರದ ತಗಡಿನ ಮೇಲೆ ಪದ್ಯವನ್ನೂ ಚಿತ್ರವನ್ನೂ ಒಟ್ಟಿಗೆ ಬರೆಯುವುದು. ನಂತರ ತಗಡಿನ ಮೇಲೆ ಆಮ್ಲ ಸುರಿಯುವುದು. ಬರೆಯದೆ ಬಿಟ್ಟ ಭಾಗವನ್ನು ಆಮ್ಲ ತಿನ್ನುತ್ತದೆ, ಬರೆದ ಭಾಗ ಉಬ್ಬಾಗಿ ಉಳಿಯುತ್ತದೆ. ಆ ಉಬ್ಬಿಗೆ ಮಸಿ ಸವರಿ ಕಾಗದ ಒತ್ತಿ, ಕೊನೆಗೆ ಜಲವರ್ಣದಿಂದ ಕೈಯಾರೆ ಬಣ್ಣ ತುಂಬುವುದು. ಒತ್ತಿದಾಗ ಬಲ ಎಡವಾಗುವುದರಿಂದ ಅಕ್ಷರಗಳನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗುಮುರುಗಾಗಿ ಬರೆಯಬೇಕಿತ್ತು. 1787ರಲ್ಲಿ ತೀರಿಕೊಂಡ ತಮ್ಮ ರಾಬರ್ಟ್ ತನಗೆ ಕಾಣಿಸಿಕೊಂಡು ಈ ವಿಧಾನವನ್ನು ಹೇಳಿಕೊಟ್ಟನೆಂದು ಬ್ಲೇಕ್ ಹೇಳುತ್ತಿದ್ದ.

ಈ ರೀತಿ ಹೊರಬಂದದ್ದು 1789ರ ‘ಮುಗ್ಧತೆಯ ಗೀತೆಗಳು’. 1794ರಲ್ಲಿ ‘ಅನುಭವದ ಗೀತೆಗಳು’ ಅದರೊಂದಿಗೆ ಸೇರಿ ಒಂದೇ ಪುಸ್ತಕವಾಯಿತು. ಪುಟಗಳು ಅಂಗೈಯಷ್ಟು: ಸುಮಾರು 11 ಸೆಂಟಿಮೀಟರ್ ಎತ್ತರ, 7 ಸೆಂಟಿಮೀಟರ್ ಅಗಲ. ಪ್ರತಿಯೊಂದು ಪ್ರತಿಗೂ ಬೇರೆಯಾಗಿ ಬಣ್ಣ ತುಂಬಿದ್ದರಿಂದ ಒಂದು ಪ್ರತಿಯಂತೆ ಇನ್ನೊಂದಿಲ್ಲ. ಇಂದು ಉಳಿದಿರುವುದು ಕೆಲವೇ ಡಜನ್ ಪ್ರತಿಗಳು.

ಕೇಳುವ ಪದ್ಯ, ಸುಮ್ಮನಿರುವ ಚಿತ್ರ

‘ದಿ ಟೈಗರ್’ ಪದ್ಯದಲ್ಲಿ ಆರು ನುಡಿಗಳಿವೆ. ಅವುಗಳಲ್ಲಿ ಇರುವುದೆಲ್ಲ ಪ್ರಶ್ನೆಗಳೇ. ಕತ್ತಲ ಕಾಡಿನಲ್ಲಿ ಉರಿಯುವ ಈ ಪ್ರಾಣಿಯನ್ನು ರೂಪಿಸಿದ ಕೈ ಯಾವುದು? ಯಾವ ಕುಲುಮೆಯಲ್ಲಿ, ಯಾವ ಸುತ್ತಿಗೆಯಿಂದ ಇದನ್ನು ಬಡಿದು ಮಾಡಿದರು? ಕುರಿಮರಿಯನ್ನು ಸೃಷ್ಟಿಸಿದವನೇ ಇದನ್ನೂ ಸೃಷ್ಟಿಸಿದನೇ? ಒಂದಕ್ಕೂ ಪದ್ಯ ಉತ್ತರ ಕೊಡುವುದಿಲ್ಲ. ಮೊದಲ ನುಡಿಯೇ ಕೊನೆಯಲ್ಲಿ ಮರಳಿ ಬರುತ್ತದೆ, ಒಂದೇ ಒಂದು ಪದ ಬದಲಾಗಿ. ರೂಪಿಸಲು ಯಾರಿಗೆ ಸಾಧ್ಯವಾಯಿತು ಎಂದಿದ್ದದ್ದು, ರೂಪಿಸುವ ಧೈರ್ಯ ಯಾರಿಗಾಯಿತು ಎಂದಾಗುತ್ತದೆ. ಓದುತ್ತಾ ಹೋದಂತೆ ನಮ್ಮ ಎದೆಬಡಿತವೂ ಸುತ್ತಿಗೆಯ ಪೆಟ್ಟಿನಂತೆ ಕೇಳಿಸತೊಡಗುತ್ತದೆ.

ಈಗ ಕಣ್ಣನ್ನು ಪದ್ಯದಿಂದ ಕೆಳಗೆ ಇಳಿಸಿ. ಪುಟದ ಬಲಬದಿಯಲ್ಲಿ ಎಲೆಯಿಲ್ಲದ ಒಂದು ಮರ. ಅದರ ಕೊಂಬೆಗಳು ನುಡಿಗಳ ನಡುವೆ ಚಾಚಿವೆ. ಬುಡದಲ್ಲಿ ಒಂದು ಹುಲಿ ನಿಂತಿದೆ. ಬೆಂಕಿಯಿಲ್ಲ, ಕುಲುಮೆಯಿಲ್ಲ, ರಕ್ತವಿಲ್ಲ. ಅದು ಯಾರ ಮೇಲೂ ಎರಗುತ್ತಿಲ್ಲ. ಕೆಲವು ಪ್ರತಿಗಳಲ್ಲಿ ನಗುತ್ತಿರುವಂತೆಯೂ ಕಾಣುತ್ತದೆ. ಮಕ್ಕಳಿಗೆ ಆಡಲು ಕೊಡುವ ಬಟ್ಟೆಯ ಗೊಂಬೆಯೆಂದರೂ ಒಪ್ಪಬಹುದು.

ಇದನ್ನು ಅರ್ಥೈಸುವುದು ಹೇಗೆ? ಬ್ಲೇಕ್‌ಗೆ ಹುಲಿ ಬರೆಯಲು ಬರುತ್ತಿರಲಿಲ್ಲ ಎಂದು ಕೆಲವರು ಹೇಳಿದ್ದುಂಟು. ಆದರೆ ಭಯಾನಕ ರೂಪಗಳನ್ನು ಬರೆಯುವುದರಲ್ಲಿ ಅವನು ಪಳಗಿದವನು ಎಂಬುದಕ್ಕೆ ಅವನ ಇತರ ಚಿತ್ರಗಳೇ ಸಾಕ್ಷಿ. ಆದ್ದರಿಂದ ಆ ಮಾತು ನಿಲ್ಲುವುದಿಲ್ಲ. ಹೆಚ್ಚು ಸಮಂಜಸವಾದ ಉತ್ತರ ಪುಸ್ತಕದ ಉಪಶೀರ್ಷಿಕೆಯಲ್ಲೇ ಇದೆ: ಮನುಷ್ಯನ ಆತ್ಮದ ಎರಡು ವಿರುದ್ಧ ಸ್ಥಿತಿಗಳನ್ನು ತೋರಿಸುವುದು ಈ ಪುಸ್ತಕದ ಗುರಿಯೆಂದು ಅವನು ಹೇಳಿಕೊಂಡಿದ್ದಾನೆ. ಪದ್ಯದಲ್ಲಿ ಮಾತಾಡುವವನು ಹೆದರಿದ ಮನುಷ್ಯ. ಅವನು ಕಂಡದ್ದು ತನ್ನ ಭಯದ ಹುಲಿಯನ್ನು. ಚಿತ್ರದಲ್ಲಿರುವುದು ಸೃಷ್ಟಿಯ ಹುಲಿ. ಅದು ತನ್ನ ಪಾಡಿಗೆ ತಾನು ನಿಂತಿದೆ. ಪದಗಳು ಕೇಳಿದ ಪ್ರಶ್ನೆಗೆ ಚಿತ್ರ ಉತ್ತರ ಹೇಳುವುದಿಲ್ಲ, ಬದಲಿಗೆ ಕೇಳುವವನ ಕಡೆಗೇ ಕನ್ನಡಿ ಹಿಡಿಯುತ್ತದೆ. ಈ ಅರ್ಥವೇ ಅಂತಿಮವೆಂದು ನಾನು ಹೇಳಲಾರೆ. ಆದರೆ ಚಿತ್ರವನ್ನು ಬಿಟ್ಟು ಓದಿದವರಿಗೆ ಈ ಪ್ರಶ್ನೆಯೇ ಏಳುವುದಿಲ್ಲ ಎಂಬುದಂತೂ ಖಂಡಿತ.

ಎರಡು ಪುಟಗಳು, ಎರಡು ಪಾಠಗಳು

ಇದೇ ಪುಸ್ತಕದ ಇನ್ನೆರಡು ಪುಟಗಳನ್ನು ನೋಡೋಣ. ‘ಪುಟ್ಟ ಕಪ್ಪು ಹುಡುಗ’ ಎಂಬರ್ಥದ ಹೆಸರಿನ ಪದ್ಯ 1789ರದ್ದು. ಆಗ ಬ್ರಿಟನ್ನಿನಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಚಳವಳಿ ಬಲಗೊಳ್ಳುತ್ತಿತ್ತು. ಅದನ್ನು ನಿಷೇಧಿಸುವ ಕಾಯಿದೆ ಬರಲು 1807ರವರೆಗೆ ಕಾಯಬೇಕಾಯಿತು. ಪದ್ಯದಲ್ಲಿ ಆಫ್ರಿಕಾದ ಹುಡುಗನೊಬ್ಬ ತಾಯಿ ಕಲಿಸಿದ ಮಾತನ್ನು ಹೇಳುತ್ತಾನೆ: ಮೈಬಣ್ಣವೆಂಬುದು ಒಂದು ಮೋಡ, ದೇವರ ಸನ್ನಿಧಿಯಲ್ಲಿ ಅದು ಕರಗಿಹೋಗುತ್ತದೆ. ಮಾತಿನಲ್ಲಿ ಸಮಾನತೆಯಿದೆ. ಆದರೆ ಎರಡನೆಯ ಪುಟದ ಚಿತ್ರದಲ್ಲಿ, ಕ್ರೈಸ್ತ ಸಂಪ್ರದಾಯದಂತೆ ಕುರುಬನ ರೂಪದಲ್ಲಿ ಕುಳಿತ ಯೇಸುವಿನ ಮೊಣಕಾಲ ಬಳಿ ಇರುವುದು ಬಿಳಿಯ ಹುಡುಗ. ಕಪ್ಪು ಹುಡುಗ ಅವನ ಹಿಂದೆ ನಿಂತಿದ್ದಾನೆ. ಕೆಲವು ಪ್ರತಿಗಳಲ್ಲಿ ಇಬ್ಬರ ಮೈಗೂ ಒಂದೇ ಬಣ್ಣ, ಕೆಲವು ಪ್ರತಿಗಳಲ್ಲಿ ಬೇರೆ ಬೇರೆ. ಸ್ವರ್ಗದಲ್ಲೂ ಒಬ್ಬ ಮುಂದೆ, ಇನ್ನೊಬ್ಬ ಹಿಂದೆಯೇ? ಈ ಪ್ರಶ್ನೆ ಎತ್ತುವುದು ಪದ್ಯವಲ್ಲ, ಚಿತ್ರ. ಇದೇ ಬ್ಲೇಕ್ ಮುಂದೆ, 1796ರಲ್ಲಿ ಪ್ರಕಟವಾದ ಸ್ಟೆಡ್‌ಮನ್ ಎಂಬ ಸೈನಿಕನ ಸುರಿನಾಮ್ ಅನುಭವಗಳ ಪುಸ್ತಕಕ್ಕೆ ಗುಲಾಮರ ಹಿಂಸೆಯ ಚಿತ್ರಗಳನ್ನು ಕೆತ್ತಿದ ಎಂಬುದನ್ನೂ ಇಲ್ಲಿ ನೆನೆಯಬೇಕು.

‘ಲಂಡನ್’ ಎಂಬ ಇನ್ನೊಂದು ಪದ್ಯ ಹೆಚ್ಚಾಗಿ ಕಿವಿಯ ಪದ್ಯ. ಬೀದಿಯಲ್ಲಿ ನಡೆಯುವ ಕವಿಗೆ ಮಕ್ಕಳ ಅಳು, ಚಿಮಣಿ ಗುಡಿಸುವ ಹುಡುಗನ ಕೂಗು, ಸೈನಿಕನ ನಿಟ್ಟುಸಿರು ಕೇಳಿಸುತ್ತವೆ. ಎಲ್ಲೆಲ್ಲೂ ಸಂಕಟ, ಸಹಾಯಕ್ಕೆ ಚಾಚಿದ ಕೈ ಒಂದೂ ಇಲ್ಲ. ಆದರೆ ಪದ್ಯದ ಮೇಲಿನ ಚಿತ್ರದಲ್ಲಿ ಊರುಗೋಲು ಹಿಡಿದ ಮುದುಕನೊಬ್ಬನನ್ನು ಪುಟ್ಟ ಹುಡುಗನೊಬ್ಬ ನಡೆಸಿಕೊಂಡು ಹೋಗುತ್ತಿದ್ದಾನೆ. ಪದಗಳಲ್ಲಿ ಇಲ್ಲದ ಕರುಣೆಯನ್ನು ಬ್ಲೇಕ್ ಚಿತ್ರದಲ್ಲಿ ಇಟ್ಟಿದ್ದಾನೆ. ಪಠ್ಯಪುಸ್ತಕದಲ್ಲಿ ಪದ್ಯವನ್ನಷ್ಟೇ ಓದುವ ವಿದ್ಯಾರ್ಥಿಗೆ ಆ ಹುಡುಗನ ಪರಿಚಯವೇ ಆಗುವುದಿಲ್ಲ.

ಬ್ಲೇಕ್ ಬದುಕಿದ್ದಾಗಲೇ ಹೀಗಾಗತೊಡಗಿತ್ತು. ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್ 1824ರಲ್ಲಿ ಬರೆದ ಒಂದು ಪತ್ರದಲ್ಲಿ, ಬ್ಲೇಕ್‌ನ ಪದ್ಯಗಳನ್ನು ತಾನು ಕಂಡಿಲ್ಲವೆಂದೂ ಹುಲಿಯ ಪದ್ಯವನ್ನು ಯಾರೋ ಹೇಳುವಾಗ ಕೇಳಿದ್ದೇನೆಂದೂ ತಿಳಿಸಿದ್ದಾನೆ. ಬ್ಲೇಕ್ ಬದುಕಿದ್ದಾನೋ ಇಲ್ಲವೋ ಎಂಬುದೂ ಲ್ಯಾಂಬ್‌ಗೆ ಗೊತ್ತಿರಲಿಲ್ಲ. ಬ್ಲೇಕ್ ಆಗ ಅದೇ ಲಂಡನ್ನಿನಲ್ಲಿ ಬಡತನದಲ್ಲಿ ದುಡಿಯುತ್ತಿದ್ದ. ಅವನು ತೀರಿಕೊಂಡದ್ದು 1827ರಲ್ಲಿ. ಲ್ಯಾಂಬ್‌ನನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಅವನು ಮುಂದೆ ಮತ್ತೆ ಬರುತ್ತಾನೆ.

ನಮ್ಮ ನಾಡಿಗೂ ಇಂಗ್ಲಿಷಿನ ರಮ್ಯ ಕಾವ್ಯ ಬಂದದ್ದು ಅಕ್ಷರಗಳಾಗಿ ಮಾತ್ರ. ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಮೂಲಕ ಆ ಕಾವ್ಯದ ಲಯವನ್ನೂ ಭಾವವನ್ನೂ ಕನ್ನಡ ತನ್ನದಾಗಿಸಿಕೊಂಡಿತು. ಆದರೆ ಬ್ಲೇಕ್‌ನ ಬಣ್ಣದ ಪುಟಗಳು ಬಹುಕಾಲ ನಮ್ಮ ಕಣ್ಣಿಗೆ ಬೀಳಲಿಲ್ಲ.

ಕಲ್ಲಿನ ಮೇಲಿನ ಮಾತು

ಪುಟದ ಮೇಲೆ ಚಿತ್ರವಿಲ್ಲದಿದ್ದರೂ ರಮ್ಯ ಕವಿಗಳು ಪದ್ಯದ ಒಳಗೇ ಪದ ಮತ್ತು ಚಿತ್ರಗಳನ್ನು ಎದುರುಬದುರು ನಿಲ್ಲಿಸಿದ್ದಾರೆ. ಇದಕ್ಕೆ ಉತ್ತಮ ಉದಾಹರಣೆ ಷೆಲ್ಲಿಯ ‘ಓಝಿಮ್ಯಾಂಡಿಯಸ್’. ಇದು 1818ರ ಜನವರಿಯಲ್ಲಿ ಪ್ರಕಟವಾಯಿತು. ಓಝಿಮ್ಯಾಂಡಿಯಸ್ ಎಂಬುದು ಫಿರ್‌ಔನರ ಸಾಲಿನ ಎರಡನೆಯ ರಾಮ್ಸೆಸ್‌ಗೆ ಗ್ರೀಕರು ಇಟ್ಟ ಹೆಸರು. ಮರಳುಗಾಡಿನಲ್ಲಿ ಒಡೆದು ಬಿದ್ದಿರುವ ಒಂದು ಪ್ರತಿಮೆ. ಪೀಠದ ಮೇಲೆ ರಾಜರ ರಾಜನ ಬಡಾಯಿಯ ಮಾತು. ಸುತ್ತಲೂ ಮರಳಲ್ಲದೆ ಬೇರೇನಿಲ್ಲ. ಪೀಠದ ಬರಹವನ್ನು ಅದರ ಸುತ್ತಲಿನ ದೃಶ್ಯವೇ ಸುಳ್ಳಾಗಿಸುತ್ತದೆ. ಅಧಿಕಾರದ ಅಹಂಕಾರ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಕುರ್‌ಆನ್ ಓದಿದ ನಮಗೆ ಬೇರೆಯಾಗಿ ವಿವರಿಸಬೇಕಿಲ್ಲ.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ರಾಮ್ಸೆಸ್‌ನ ಬೃಹತ್ ಶಿಲಾಮುಖವಿದೆ. ಅದನ್ನು ನೋಡಿಯೇ ಷೆಲ್ಲಿ ಬರೆದ ಎಂದು ಹೇಳಿಬಿಡುವುದು ಸುಲಭ. ಆದರೆ ಆ ಶಿಲೆ ಲಂಡನ್ನಿಗೆ ತಲುಪಿದ್ದು ಪದ್ಯ ಅಚ್ಚಾದ ಮೇಲೆ. ಪೀಠದ ಬರಹ ಷೆಲ್ಲಿಗೆ ದೊರೆತದ್ದು ಡಿಯೊಡೊರಸ್ ಎಂಬ ಗ್ರೀಕ್ ಇತಿಹಾಸಕಾರನ ಗ್ರಂಥದ ಮೂಲಕ; ಚಿತ್ರ ಅವನ ಕಲ್ಪನೆಯದು. ಇಸವಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುವ ಅಭ್ಯಾಸ ಎಷ್ಟು ಅಗತ್ಯ ಎಂಬುದಕ್ಕೆ ಇದೊಂದು ಪಾಠ. ಈಗ ಅದೇ ಅಭ್ಯಾಸದೊಂದಿಗೆ ನಮ್ಮ ಮೊದಲ ಪ್ರಶ್ನೆಗೆ ಬರೋಣ.

ಶ್ರೀರಂಗಪಟ್ಟಣದ ಹುಲಿ

ಟಿಪ್ಪು ಸುಲ್ತಾನರ ಹುಲಿ ಮರದಿಂದ ಮಾಡಿ ಬಣ್ಣ ಬಳಿದ ಯಂತ್ರ. ಸುಮಾರು 178 ಸೆಂಟಿಮೀಟರ್ ಉದ್ದ. ಹುಲಿಯೊಂದು ಅಂಗಾತ ಬಿದ್ದ ಐರೋಪ್ಯನ ಮೇಲೆರಗಿದೆ. ಪಕ್ಕದ ಹಿಡಿಕೆಯನ್ನು ತಿರುಗಿಸಿದರೆ ಮನುಷ್ಯನ ಕೈ ಮೇಲೆ ಕೆಳಗೆ ಆಡುತ್ತದೆ, ಅವನ ನರಳಾಟವೂ ಹುಲಿಯ ಗರ್ಜನೆಯೂ ಕೇಳುತ್ತವೆ. ಹುಲಿಯ ಹೊಟ್ಟೆಯೊಳಗೆ ನುಡಿಸಬಹುದಾದ ಆರ್ಗನ್ ವಾದ್ಯವಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾಗಿ ಸುಲ್ತಾನರು ಹುತಾತ್ಮರಾದ ನಂತರ ಇದು ಕಂಪನಿಯ ಕೈಸೇರಿತು. ಲಂಡನ್ನಿನ ಈಸ್ಟ್ ಇಂಡಿಯಾ ಹೌಸ್‌ನಲ್ಲಿ 1808ರಿಂದ ಪ್ರದರ್ಶನಕ್ಕೆ ಬಂತು. ಈಗ ಇರುವುದು ಅದೇ ನಗರದ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ.

ಬ್ಲೇಕ್ 1793ರ ಅಕ್ಟೋಬರ್ 10ರ ದಿನಾಂಕದ ಒಂದು ಪ್ರಕಟಣೆಯಲ್ಲಿ ‘ಅನುಭವದ ಗೀತೆಗಳು’ ಐದು ಶಿಲಿಂಗಿಗೆ ದೊರೆಯುತ್ತದೆಂದು ಜಾಹೀರಾತು ಕೊಟ್ಟಿದ್ದ. ಪುಸ್ತಕದ ಮೇಲಿನ ಇಸವಿ 1794. ಸುಲ್ತಾನರ ಹುಲಿ ಶ್ರೀರಂಗಪಟ್ಟಣದ ಅರಮನೆಯನ್ನು ಬಿಟ್ಟು ಹೊರಟದ್ದು 1799ರ ನಂತರ. ಹಾಗಾಗಿ ಬ್ಲೇಕ್ ಅದನ್ನು ನೋಡಿ ಬರೆದಿರಲು ಸಾಧ್ಯವಿಲ್ಲ. ಜನರಲ್ ಸರ್ ಹೆಕ್ಟರ್ ಮನ್ರೋನ ಮಗ 1792ರ ಡಿಸೆಂಬರ್‌ನಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಹುಲಿಗೆ ಬಲಿಯಾದ ಸುದ್ದಿ 1793ರಲ್ಲಿ ಲಂಡನ್ ಪತ್ರಿಕೆಗಳಲ್ಲಿ ಬಂದಿತ್ತು. ಬ್ಲೇಕ್ ಅದನ್ನು ಓದಿರಬಹುದೆಂಬ ಊಹೆಯಿದೆ. ಊಹೆಗೆ ಊಹೆಯ ಸ್ಥಾನವನ್ನಷ್ಟೇ ಕೊಡಬೇಕು.

ಹಾಗಾದರೆ ಆ ಹುಲಿಗೂ ರಮ್ಯ ಕಾವ್ಯಕ್ಕೂ ಸಂಬಂಧವೇ ಇಲ್ಲವೇ? ಇದೆ. ಜಾನ್ ಕೀಟ್ಸ್ 1819ರ ಕೊನೆಯಲ್ಲಿ ಬರೆಯತೊಡಗಿ ಅಪೂರ್ಣವಾಗಿ ಬಿಟ್ಟ ‘ದಿ ಕ್ಯಾಪ್ ಅಂಡ್ ಬೆಲ್ಸ್’ ಎಂಬ ವಿಡಂಬನೆಯಲ್ಲಿ ಮನುಷ್ಯ, ಹುಲಿ ಮತ್ತು ಆರ್ಗನ್ ಒಂದಾದ ಒಂದು ಆಟಿಕೆಯ ಪ್ರಸ್ತಾಪವಿದೆ. ಅದು ಒಬ್ಬ ಚಕ್ರವರ್ತಿಯ ಆಟಿಕೆ. ಈಸ್ಟ್ ಇಂಡಿಯಾ ಹೌಸ್‌ನ ಹುಲಿಯೇ ಇದೆಂದು ವಿದ್ವಾಂಸರು ಗುರುತಿಸಿದ್ದಾರೆ. ಮತ್ತೆ ಚಾರ್ಲ್ಸ್ ಲ್ಯಾಂಬ್! ಅವನು 1792ರಿಂದ 1825ರವರೆಗೆ ಗುಮಾಸ್ತನಾಗಿ ದುಡಿದದ್ದು ಅದೇ ಈಸ್ಟ್ ಇಂಡಿಯಾ ಹೌಸ್‌ನಲ್ಲಿ. ಬ್ಲೇಕ್‌ನ ಹುಲಿಯನ್ನು ಕಣ್ಣಾರೆ ಕಾಣದೆ ಕಿವಿಯಿಂದ ಮಾತ್ರ ಕೇಳಿದವನು, ಟಿಪ್ಪುವಿನ ಹುಲಿ ಗರ್ಜಿಸುತ್ತಿದ್ದ ಕಟ್ಟಡದಲ್ಲೇ ಲೆಕ್ಕ ಬರೆಯುತ್ತಿದ್ದ.

ಒಂದೇ ಮಾತು, ಎರಡು ಧ್ವಜ

ಪದ ಮತ್ತು ಚಿತ್ರಗಳ ಸಂಬಂಧವನ್ನು ಕಲಿಯಲು ನಾವು ಲಂಡನ್ನಿಗೇ ಹೋಗಬೇಕೆಂದಿಲ್ಲ. ವಿಜಾಪುರದ ಇಬ್ರಾಹಿಂ ರೋಜಾದಲ್ಲಿ ಕಲ್ಲಿನ ಕಿಟಕಿಗಳ ಜಾಲರಿಯೇ ಅರಬಿ ಅಕ್ಷರಗಳಿಂದ ಆಗಿದೆ. ಅಲ್ಲಿ ಓದುವುದೂ ನೋಡುವುದೂ ಒಂದೇ ಕೆಲಸ. ಬ್ಲೇಕ್ ಲಂಡನ್ನಿನಲ್ಲಿ ತಾಮ್ರದ ಮೇಲೆ ತಿರುಗುಮುರುಗು ಅಕ್ಷರ ಬರೆಯುತ್ತಿದ್ದ ವರ್ಷಗಳಲ್ಲೇ ಶ್ರೀರಂಗಪಟ್ಟಣದ ಕುಶಲಕರ್ಮಿಗಳು ಸುಲ್ತಾನರ ಧ್ವಜ ಮತ್ತು ಆಯುಧಗಳ ಮೇಲೆ ಅಕ್ಷರಗಳಿಂದಲೇ ಹುಲಿಯ ಮುಖವನ್ನು ಬರೆಯುತ್ತಿದ್ದರು. ಎಡಬಲಗಳು ಕನ್ನಡಿಯಂತೆ ಹೊಂದುವ ಆ ಬರಹ ‘ಅಸದುಲ್ಲಾಹಿಲ್ ಗಾಲಿಬ್’. ಅಂದರೆ ಅಲ್ಲಾಹನ ಸಿಂಹ ವಿಜಯಶಾಲಿ ಎಂದರ್ಥ. ಇದು ಹಝ್ರತ್ ಅಲಿ(ರ)ಯವರ ಬಿರುದಿಗೆ ಸಂಬಂಧಿಸಿದ್ದು. ಪದ ಹೇಳುವುದು ಸಿಂಹ, ಚಿತ್ರ ತೋರಿಸುವುದು ಮೈಸೂರಿನ ಹುಲಿ. ಎರಡೂ ಕೂಡಿದಾಗ ನಂಬಿಕೆ ಮತ್ತು ನಾಡು ಒಂದೇ ಮುಖದಲ್ಲಿ ಸೇರುತ್ತವೆ.

ಶ್ರೀರಂಗಪಟ್ಟಣದ ಗೆಲುವಿನ ನೆನಪಿಗೆ ಕಂಪನಿ ಒಂದು ಪದಕವನ್ನು ಮಾಡಿಸಿತು. ಚಿತ್ರ ರಚಿಸಿದವನು ಕೂಕ್ಲರ್. ಅಚ್ಚಾದದ್ದು ಬರ್ಮಿಂಗ್‌ಹ್ಯಾಮ್ ಬಳಿಯ ಬೋಲ್ಟನ್ನನ ಟಂಕಸಾಲೆಯಲ್ಲಿ. ದರ್ಜೆಗೆ ತಕ್ಕಂತೆ ಚಿನ್ನ, ಬೆಳ್ಳಿ, ಕಂಚು, ತವರಗಳಲ್ಲಿ ಸೈನಿಕರಿಗೆ ಹಂಚಲಾಯಿತು. ಅದರ ಮೇಲೆ ಬ್ರಿಟನ್ನಿನ ಸಿಂಹ ಮೈಸೂರಿನ ಹುಲಿಯನ್ನು ನೆಲಕ್ಕೊತ್ತಿ ಹಿಡಿದಿದೆ. ಮೇಲಿನ ಪತಾಕೆಯಲ್ಲಿ ಅರಬಿ ಅಕ್ಷರಗಳಿವೆ. ಏನೆಂದು? ‘ಅಸದುಲ್ಲಾಹಿಲ್ ಗಾಲಿಬ್’! ಸುಲ್ತಾನರ ಮಾತನ್ನೇ ತೆಗೆದುಕೊಂಡು, ಚಿತ್ರವನ್ನು ಬದಲಿಸಿ, ಆ ಸಿಂಹ ತಾನೇ ಎಂದು ಗೆದ್ದವರು ಹೇಳಿಕೊಂಡರು. ಒಂದಕ್ಷರವೂ ಬದಲಾಗಿಲ್ಲ, ಅರ್ಥ ಮಾತ್ರ ತಲೆಕೆಳಗಾಯಿತು.

ಮರದ ಹುಲಿಗೂ ಹೀಗೆಯೇ ಆಯಿತು. ಅದರ ವಿವರಣೆ 1800ರಲ್ಲಿ ಲಂಡನ್ ಪತ್ರಿಕೆಗಳಲ್ಲಿ ಬಂದಾಗ, ಇದು ಟಿಪ್ಪುವಿನ ಅಹಂಕಾರಕ್ಕೂ ಕ್ರೌರ್ಯಕ್ಕೂ ಗುರುತು ಎಂಬ ಮಾತನ್ನು ಅದಕ್ಕೆ ಅಂಟಿಸಲಾಯಿತು. ದಂಡೆತ್ತಿ ಬಂದ ಕಂಪನಿಯ ಎದುರು ಒಂದು ನಾಡಿನ ದೊರೆಗಿದ್ದ ಸಿಟ್ಟನ್ನು ಆ ಮಾತು ಮರೆಮಾಡಿತು. ನೋಡಲು ಬಂದವರಲ್ಲಿ ಕೆಲವರಾದರೂ ಹುಲಿಯನ್ನು ನೋಡುವ ಮೊದಲೇ ಆ ವಿವರಣೆಯನ್ನು ಓದಿ ಬಂದಿರಬಹುದು.

ಪ್ರಿಯ ವಿದ್ಯಾರ್ಥಿಗಳೇ, ಬ್ಲೇಕ್‌ನ ಹುಲಿ ನಮ್ಮ ಹುಲಿಯಲ್ಲ ಎಂಬುದರಿಂದ ನಾವು ಕಳೆದುಕೊಳ್ಳುವುದು ಏನೂ ಇಲ್ಲ. ಸುಲ್ತಾನರ ಗೌರವ ಸುಳ್ಳಿನ ಆಸರೆಯ ಮೇಲೆ ನಿಂತಿಲ್ಲ. ನಮ್ಮ ಚರಿತ್ರೆಯ ಬಗ್ಗೆ ಇತರರು ತಪ್ಪು ಹೇಳಿದಾಗ ಇಸವಿಯನ್ನು ಕೇಳುವ ನಾವು, ನಮಗೆ ಹಿತವಾದ ಮಾತು ಬಂದಾಗಲೂ ಇಸವಿಯನ್ನು ಕೇಳಬೇಕು. ಆಗ ಮಾತ್ರ ನಮ್ಮ ಪ್ರಶ್ನೆಗೆ ಬೆಲೆ. ಬ್ಲೇಕ್‌ನಿಂದ ನಾವು ಪಡೆಯಬೇಕಾದದ್ದು ಓದುವ ಬಗೆಯನ್ನು. ಪಠ್ಯಪುಸ್ತಕವಾಗಲಿ, ಪತ್ರಿಕೆಯಾಗಲಿ, ಕೈಯಲ್ಲಿನ ಮೊಬೈಲ್ ಆಗಲಿ, ಒಂದು ಚಿತ್ರ ಮತ್ತು ಅದರ ಕೆಳಗೆ ಒಂದು ಸಾಲು ಕಂಡಾಗ ಮೂರು ಪ್ರಶ್ನೆ ಕೇಳಿ: ಚಿತ್ರವನ್ನು ಬರೆದವರು ಯಾರು, ಸಾಲನ್ನು ಬರೆದವರು ಯಾರು, ಇಬ್ಬರೂ ಒಂದೇ ಮಾತನ್ನು ಹೇಳುತ್ತಿದ್ದಾರೆಯೇ? ಮುಂದಿನ ಪ್ರವಾಸದಲ್ಲಿ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋದಾಗ, 1780ರ ಪೊಲ್ಲಿಲೂರು ಯುದ್ಧದ ಭಿತ್ತಿಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಫಲಕದಲ್ಲಿ ಬರೆದದ್ದನ್ನು ಆಮೇಲೆ ಓದಿದರಾಯಿತು. ಮೊದಲು ಗೋಡೆ ಏನು ಹೇಳುತ್ತಿದೆ ಎಂದು ನೋಡಿ.